ಪಡಸಾಲೆಯಲ್ಲೊಂದು ಸೀಮೆಸುಣ್ಣದ ಚೌಕ

ಗೆಳತಿಯರೇ, ಇವತ್ತು ಬೆಳಿಗ್ಗೆ ನಮ್ಮ ಮನೆಯಲ್ಲಿ ಆದದ್ದನ್ನು ಕೇಳಿ. ಮೈದುನ ಸಂಗಪ್ಪ ತಾಳಿಕೋಟೆಯಿಂದ ಯಾರನ್ನೋ ಕರೆತಂದು ನಮ್ಮ ಪಡಸಾಲೆಗೆ ಟೇಪು ಹಿಡಿಸಿದ. ನೆಲದ ಮೇಲೆ ಸೀಮೆಸುಣ್ಣದಿಂದ ದೊಡ್ಡ ಚೌಕ ಹಾಕಿದರು. ಕೂಡಿ ಬಾಳುವ ಮನೆಯನ್ನು ಅಳೆಯುವುದು ಯಾವಾಗ? ಅಣ್ಣತಮ್ಮಂದಿರು ಪಾಲಾಗುವಾಗ. ಅದೂ ನನ್ನ ಗಂಡ ಹೊಲಕ್ಕೆ ಹೋದ ಹೊತ್ತು ನೋಡಿ!

ಓಡಿಹೋಗಿ ಅತ್ತೆಗೆ ಹೇಳಿದೆ. ಅವರು ಜೋಳದ ಮೊರ ಹಿಡಿದುಕೊಂಡೇ ಬಂದು ಚೌಕದ ನಡುವೆ ಕುಳಿತುಬಿಟ್ಟರು.

"ನಾ ಇರೂತನಕ ಈ ಮನಿ ಎರಡಾಗಾಕ ಬಿಡಂಗಿಲ್ಲ, ಸಂಗ್ಯಾ!"

"ಯವ್ವಾ, ಪಾಲಲ್ಲಬೇ! ಬಿಡಿ ಸಾಮಾನು ತಂದು ಇಲ್ಲೊಂದು ಕಂಪ್ಯೂಟರ್ ಜೋಡಸಾಕತ್ತೀವಿ. ಅದರಾಗ ವಿಆರ್ ಅಂತ ಆಟ ಐತಿ, ಕಣ್ಣಿಗೆ ಡಬ್ಬಿ ಕಟ್ಕೊಂಡು, ನಿಂತು ಆಡೂದು. ಕೈ ಬೀಸಾಕ ಜಾಗ ಬೇಕು."

"ಹಂಗಾದ್ರ ಗೆರಿ ಯಾಕ?" ಎಂದು ನಾನು ಕೇಳಿದೆ.

"ಆಡೂವಾಗ ಯಾರೂ ಗೆರಿ ದಾಟಬಾರ್ದು ವೈನಿ. ಹೊಡತ ಬೀಳ್ತಾವ."

ದಾಟಬಾರದಂತೆ! ಪಾಲು ಅಂದರೆ ಬೇರೇನು?

"ಆ ಡಬ್ಬ್ಯಾಗ ಏನ್ ಕಾಣ್ತೈತ್ರಿ?" ಎಂದು ಬಂದವನನ್ನೇ ವಿಚಾರಿಸಿದೆ.

"ಗುಡ್ಡ, ಸಮುದ್ರ ಎಲ್ಲಾ ಕಾಣ್ತೈತ್ರಿ ಅಕ್ಕಾರ. ಖರೇನ ಅಲ್ಲೇ ನಿಂತಂಗ ಅನಸ್ತೈತಿ."

ಇದನ್ನು ಬರೆಯುವಾಗಲೂ ಅತ್ತೆ ಎದ್ದಿಲ್ಲ, ಜೋಳ ಹಸನು ಮಾಡುತ್ತಿದ್ದಾರೆ. ಏಳಿ ಎಂದು ನಾನೂ ಹೇಳಿಲ್ಲ. ಇಲ್ಲದ ಸಮುದ್ರದ ದಂಡೆಯಲ್ಲಿ ನಿಲ್ಲುವವನಿಗೆ ನಮ್ಮ ಇರುವ ಪಡಸಾಲೆ ಯಾಕೆ ಬೇಕು, ನೀವೇ ಹೇಳಿ.