ಶನಿಯ ಮುಖ ನೋಡಿದ ರಾಚವ್ವ

ಕಟಕೋಳದ ರಾಚವ್ವನಿಗೆ ಇದ್ದದ್ದು ಒಂದೇ ಆಸೆ. ಆ ಶನಿಯ ಮುಖವನ್ನು ಒಮ್ಮೆ ಕಣ್ಣಾರೆ ನೋಡಬೇಕು. ಭಕ್ತಿಯಿಂದಲ್ಲ, ಹಳೆಯ ಹಗೆಯಿಂದ. ಹುಡುಗಿಯಾಗಿದ್ದಾಗ ಜಾತಕ ನೋಡಿದವರು ಸಾಡೇಸಾತಿ ಎಂದು ಹೇಳಿ ಏಳೂವರೆ ವರ್ಷ ಅವಳ ಲಗ್ನ ತಡೆದಿದ್ದರು. ನೋಡಲು ಬಂದ ವರಗಳೆಲ್ಲ ಅವಲಕ್ಕಿ ತಿಂದು, ಚಹಾ ಕುಡಿದು, ಬಾಯಿ ಒರೆಸಿಕೊಂಡು ಹೋದವು. ಕೊನೆಗೆ ಗಂಟುಬಿದ್ದವನು ರಾಮದುರ್ಗದಲ್ಲಿ ಚಷ್ಮಾದ ಅಂಗಡಿ ಇಟ್ಟಿದ್ದ ನಿಜಗುಣಪ್ಪ. ಶನಿ ಬಿಟ್ಟುಹೋಗುವಾಗ ತನ್ನ ಬದಲಿಗೆ ಈ ಗಂಡನನ್ನು ಕೂರಿಸಿ ಹೋದ ಎಂದು, ಶನಿಶಾಂತಿಗಾಗಿ ಶನಿವಾರ ಹಣಮಪ್ಪನ ಗುಡಿಗೆ ಎಣ್ಣೆ ಒಯ್ಯುವಾಗಲೆಲ್ಲ ಅವಳಿಗೆ ಅನ್ನಿಸುತ್ತಿತ್ತು.

ನಿಜಗುಣಪ್ಪನಿಗೆ ಆಕಾಶ ನೋಡುವ ದುರ್ಬೀನು ಕಟ್ಟುವ ಹುಚ್ಚು. ಎಣ್ಣೆಯ ಪೀಪಾಯಿಯ ಮೇಲೆ ದಪ್ಪ ಗಾಜು ಇಟ್ಟು, ಸಾಣೆಯ ಪುಡಿ ಹಾಕಿ, ತಿಂಗಳುಗಟ್ಟಲೆ ತಿಕ್ಕಿ ಕನ್ನಡಿ ಮಾಡುತ್ತಿದ್ದ. ತಿಕ್ಕುವುದರಲ್ಲಿ ಅರ್ಧ ರಾಚವ್ವನ ಪಾಲು. ಹೆಸರು ಮಾತ್ರ ಪೂರ್ತಿ ಅವನದು. ಮೊದಲನೆಯ ಕನ್ನಡಿ ತಂಬಿಗೆಯ ಬಾಯಿಯಷ್ಟಿತ್ತು. ಶನಿಯನ್ನು ತೋರಿಸಿರೆಂದಳು.

"ಇದು ಸಣ್ಣದ. ತಡಿ, ದೊಡ್ಡದ ಮಾಡತೇನಿ" ಎಂದ.

ಎರಡನೆಯದು ಊಟದ ತಾಟಿನಷ್ಟಾಯಿತು. ಆಗಲೂ ತಡಿ ಎಂದ. ಹೊಸದಕ್ಕೆ ಕೈಹಾಕಿದ ಕೂಡಲೇ ಹಳೆಯದರ ಕಣ್ಣಿಡುವ ಮಸೂರ ಕಿತ್ತು ತೆಗೆಯುತ್ತಿದ್ದ. ಹಳೆಯದು ಕುರುಡಾಗಿ ಅಟ್ಟ ಸೇರುತ್ತಿತ್ತು. ಅಳತೆ ಹೇಳುವುದೇ ಅವನಿಗೆ ಸುಖ, ನೋಡುವುದಲ್ಲ.

"ಹೊರದೇಶದಾಗ ಗುಡ್ಡದ ಮ್ಯಾಲೆ ಮನಿಯಷ್ಟ ಅಗಲದ ಕನ್ನಡಿ ಕೂಡಸಾಕ ಹತ್ತ್ಯಾರ, ಗೊತ್ತೈತೇನು?"

"ಅವರರ ತಮ್ಮ ಹೇಂತ್ಯಾರಿಗೆ ತೋರಸ್ಯಾರೋ, ತಡಿ ಅಂದಾರೋ, ಕೇಳ್ಕೊಂಡ ಬರ್ರಿ."

ಮೂರನೆಯದು ಹಿಟ್ಟು ನಾದುವ ಪರಾತದಷ್ಟು ಅಗಲ. ಹೊರಗೆ ಕಳಿಸಿ ಬೆಳ್ಳಿಯಂತೆ ಹೊಳೆಯುವ ಲೇಪ ಹಾಕಿಸಿಕೊಂಡು ಬಂದ. ಲೇಪ ಮೇಲ್ಮೈಯಲ್ಲೇ ಇರುತ್ತದೆ, ಅರಿವೆ ತಾಗಿದರೂ ಗೀರು. "ನಿನ್ನ ಸೆರಗ ದೂರ ಇರಲಿ" ಎಂದು ಹೆಂಡತಿಯನ್ನು ಹತ್ತಿರ ಬಿಡಲಿಲ್ಲ.

ಮಹಾನವಮಿ ಬಂತು. ಖಂಡೇಪೂಜೆಯ ದಿನ ಕುಡಗೋಲಿನಿಂದ ಟ್ರ್ಯಾಕ್ಟರಿನವರೆಗೆ ಎಲ್ಲ ಹತಾರಕ್ಕೂ ವಿಭೂತಿ ಬೀಳಬೇಕು. ಸಂಜೆ ದುರ್ಬೀನು ನೋಡಲು ನಿಜಗುಣಪ್ಪ ಸೊಸೈಟಿಯ ಅಧ್ಯಕ್ಷ ಅಮೋಘಸಿದ್ದಪ್ಪನನ್ನು ಕರೆದಿದ್ದ. ಫ್ಲೆಕ್ಸಿನಲ್ಲಿ ತನ್ನ ಮುಖ ನೋಡಿಕೊಳ್ಳುವುದಕ್ಕಲ್ಲದೆ ಯಾವತ್ತೂ ತಲೆ ಎತ್ತದ ಮನುಷ್ಯ ಅದು. ಚಂದ್ರನ ಪಕ್ಕದ ಹಳದಿ ಚುಕ್ಕೆಯನ್ನು ತೋರಿಸಿ ಅದೇ ಶನಿ ಎಂದು ನಿಜಗುಣಪ್ಪ ಹೇಳಿದರೆ, ಅಧ್ಯಕ್ಷನ ಕಣ್ಣು ಪೂಜೆಯ ಮೇಲಿತ್ತು.

"ಕೊಳವಿಗೆ ಹಚ್ಚೀರಿ, ಮುಖ್ಯ ಕನ್ನಡಿಗೇ ವಿಭೂತಿ ಇಲ್ಲಲಾ" ಎಂದ.

ನಿಜಗುಣಪ್ಪ ಹಲ್ಲು ಕಿರಿಯುತ್ತ ಹಸಿ ವಿಭೂತಿಯಲ್ಲಿ ಮೂರು ಬೆರಳು ಅದ್ದಿದ.

"ಕನ್ನಡಿಗೆ ಬ್ಯಾಡ್ರಿ" ಎಂದಳು ರಾಚವ್ವ.

"ಅಧ್ಯಕ್ಷ್ರು ಹೇಳ್ಯಾರ. ನಿನಗೇನ ತಿಳೀತೈತಿ?"

ಪಟ್ಟೆಗಳು ಇಳಿದು ಕನ್ನಡಿ ತುಂಬ ಹರಡಿದವು. ಅಧ್ಯಕ್ಷ ಕಣ್ಣಿಟ್ಟು, "ಬರೇ ಮಂಜಽ ಐತಲ್ಲೋ" ಎಂದ. ನಿಜಗುಣಪ್ಪ ಗಾಬರಿಬಿದ್ದು ಹೆಗಲ ಶಲ್ಯದಿಂದ ಕನ್ನಡಿಯನ್ನು ಪಾತ್ರೆಯಂತೆ ತಿಕ್ಕಿದ. ವಿಭೂತಿ ಹೋಯಿತು, ಹಿಂದೆಯೇ ಲೇಪವೂ ಹೋಯಿತು. ಅಧ್ಯಕ್ಷ ಹೋಳಿಗೆ ಉಂಡು ಜೀಪು ಹತ್ತಿದ. ನಿಜಗುಣಪ್ಪ ಕಟ್ಟೆಯ ಮೇಲೆ ಕುಕ್ಕರಿಸಿ, "ಹೋಗಲಿ, ಇದೂ ಸಣ್ಣದಽ ಆಗಿತ್ತು. ಇನ್ನ ದೊಡ್ಡದ ಮಾಡತೇನಿ" ಎಂದ.

ರಾಚವ್ವ ಹೊಸದರ ಮಸೂರ ತಿರುವಿ ಬಿಚ್ಚಿಕೊಂಡಳು. ಅಟ್ಟ ಹತ್ತಿ, ಉಪ್ಪಿನಕಾಯಿ ಜಾಡಿಯ ಹಿಂದಿದ್ದ ಮೊದಲನೆಯ ದುರ್ಬೀನು ಇಳಿಸಿದಳು. ಅಂಗಳದ ಬೀಸುಕಲ್ಲಿನ ಮೇಲೆ ಇಟ್ಟು, ಮಸೂರ ಸಿಕ್ಕಿಸಿ, ಚಂದ್ರನನ್ನು ಹಿಡಿದು, ಅಲ್ಲಿಂದ ಕೊಳವಿಯನ್ನು ಪಕ್ಕಕ್ಕೆ ಸರಿಸುತ್ತ ಆ ಹಳದಿ ಚುಕ್ಕೆಗೆ ತಂದು ನಿಲ್ಲಿಸಿದಳು. ಸೊಂಟ ಬಗ್ಗಿಸಿಕೊಂಡು ಬಹಳ ಹೊತ್ತು ನೋಡಿದಳು.

"ಏನ ಕಂಡ್ತು?" ಗಂಡ ಕುಂತಲ್ಲಿಂದಲೇ ಕೇಳಿದ.

"ನನ್ನ ಲಗ್ನಾ ತಡದಾಂವ. ಹೆಸರಕಾಳಿನಷ್ಟ ಅದಾನ. ಅದರ ಮ್ಯಾಲೆ ಬಳಿ ಬ್ಯಾರೆ ಹಾಕ್ಕೊಂಡಾನ."

"ಸಣ್ಣದರಾಗ ಅಷ್ಟಽ ಕಾಣೂದು. ತಡಿ, ದೊಡ್ಡದರಾಗ ನೋಡಂತಿ."

"ಬ್ಯಾಡ. ಅವನ್ನೂ ದೊಡ್ಡಾಂವನ ಮಾಡಬ್ಯಾಡ್ರಿ. ದೊಡ್ಡಾಂವರಾಗಾಕ ನೀವು, ನಿಮ್ಮ ಅಧ್ಯಕ್ಷ್ರು ಸಾಕು."

ಆ ಶನಿವಾರ ಗುಡಿಗೆ ಹೋಗಬೇಕಾಗಿದ್ದ ಎಣ್ಣೆಯಲ್ಲಿ ರಾಚವ್ವ ಮಿರ್ಚಿ ಭಜಿ ಕರಿದಳು.