ಎತೆರಿ ಹಿಂದಿಟ್ಟ ರಾಜ

ಆ ಚಳಿಗಾಲದ ಕರೆಂಟು ನಮ್ಮ ಕುತಾಯಿಸಿ ಊರಿಗೆ ಇನ್ನೂ ಬಾಕಿ ಇದೆ. ಕರೆಂಟು ಕೊಡಿ ಎಂದು ಪಂಜು ಹಿಡಿದು ಬೀದಿಯಲ್ಲಿ ಕೂಗಿದೆವು, ಗಂಟಲು ಹೋಯಿತು, ದೀಪ ಬರಲಿಲ್ಲ. ನನ್ನ ಪಕ್ಕ ನಿಂತು ಕೂಗುತ್ತಿದ್ದವಳು ಎತೆರಿ. ಕಾಲುಚೀಲದ ಕಾರ್ಖಾನೆಯಲ್ಲಿ ದುಡಿಮೆ. ಚದುರಂಗಕ್ಕೆ ಕೂತಳೆಂದರೆ ಮಾತ್ರ ಇಡೀ ಜಾರ್ಜಿಯಾದ ಹೆಂಗಸರು ಅವಳಿಗೆ ಹೆದರುತ್ತಿದ್ದರು.

ಹೆದರದವಳು ಒಬ್ಬಳೇ, ಬತುಮಿ ಊರಿನ ಲಮಾರಾ. ರಾಷ್ಟ್ರೀಯ ತಂಡದಲ್ಲಿ ಉಳಿದಿದ್ದ ಒಂದೇ ಜಾಗಕ್ಕೆ ಇಬ್ಬರೂ ನಮ್ಮೂರಲ್ಲೇ ನಡೆದ ಟೂರ್ನಿಯ ಕೊನೆಯ ಸುತ್ತಿನಲ್ಲಿ ಎದುರಾದರು. ಆಟ ಸಮವಾದರೂ ಲಮಾರಾಗೆ ಸಾಕು. ಎತೆರಿ ಗೆಲ್ಲಲೇಬೇಕು. ಅವಳದೊಂದು ಕಾಲಾಳು ಹೆಚ್ಚಿತ್ತು, ಗೆಲುವು ಕೈಗೆ ಬಂದಿತ್ತು. ಅಷ್ಟರಲ್ಲಿ ಆಟಕ್ಕೆಂದು ತಂದಿದ್ದ ಜನರೇಟರು ನಿಂತು ದೀಪ ಹೋಯಿತು. ತೀರ್ಪುಗಾರರು ಆಟವನ್ನು ಬೆಳಿಗ್ಗೆಗೆ ಹಾಕಿದರು.

ಲಮಾರಾ ಇಳಿದಿದ್ದ ಹೋಟೆಲಿನಲ್ಲಿ ಚಳಿ ಕಾಯಿಸಲು ಒಲೆಯೂ ಇಲ್ಲ. ಎತೆರಿ ಅವಳನ್ನು ತನ್ನ ಮನೆಗೇ ಕರೆತಂದಳು. ಅತ್ತೆ ಝುಝುನಾ ಮೆಕ್ಕೆಜೋಳದ ರೊಟ್ಟಿ, ಕಾಳಿನ ಲೋಬಿಯೋ ಬಡಿಸಿ, ತನ್ನ ಉಣ್ಣೆ ಸ್ವೆಟರನ್ನೂ ತೊಡಿಸಿ, ಸೊಸೆಯನ್ನು ಮೂಲೆಗೆಳೆದಳು.

"ನಮ್ಮನೇಲಿ ಉಂಡವಳನ್ನ ನಾಳೆ ಸೋಲಿಸ್ತೀಯೇನೇ?"

"ಅದು ಆಟ, ಅತ್ತೆ."

"ಆಟವಂತೆ! ಅತಿಥೀನ ಅಳಿಸಿ ಕಳಿಸಿದ ಮನೆ ಅಂತ ನಂಗೆ ಹೆಸರು ಬೇಡ."

ಒಲೆ ಪಕ್ಕದಿಂದ ಲಮಾರಾ ಕೂಗಿದಳು: "ದೊಡ್ಡಮ್ಮಾ, ಅವಳು ಸೋಲಿಸೋದು ಆಮೇಲಿರಲಿ, ಇನ್ನೊಂದು ರೊಟ್ಟಿ ಹಾಕಿ!"

ಬೆಳಿಗ್ಗೆ ಎತೆರಿ ಆ ಕಾಲಾಳನ್ನು ಮುಂದೆ ತಳ್ಳಬೇಕಿತ್ತು. ನೋಡುತ್ತ ಕೂತಿದ್ದ ನಮಗೆಲ್ಲ ಗೊತ್ತಿತ್ತು. ಅವಳು ತಲೆಯೆತ್ತಿ, ಅತ್ತೆಯ ಸ್ವೆಟರಿನಲ್ಲಿ ಮುದುಡಿ ಕೂತಿದ್ದ ಲಮಾರಾಳನ್ನು ನೋಡಿದಳು. ಕಾಲಾಳನ್ನು ಬಿಟ್ಟು, ರಾಜನನ್ನು ಸುಮ್ಮನೆ ಒಂದು ಮನೆ ಹಿಂದಿಟ್ಟಳು.

"ಏನೇ ಇದು? ಇಲ್ಲೂ ಬಡಿಸ್ತಿದ್ದೀಯಾ?" ಲಮಾರಾ ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಊಟ ನಿನ್ನೆಗೇ ಮುಗೀತು. ಆಡೇ!"

ತೀರ್ಪುಗಾರರು ಗದರಿದರು. ಎತೆರಿಗೆ ಎಚ್ಚರವಾಯಿತು, ಆಮೇಲೆ ಪಟ್ಟು ಹಿಡಿದು ಆಡಿದಳು. ಆದರೆ ಬಿಟ್ಟುಕೊಟ್ಟ ಆ ಒಂದು ನಡೆ ಮತ್ತೆ ಸಿಗಲಿಲ್ಲ. ಆಟ ಸಮ. ಜಾಗ ಲಮಾರಾಗೆ.

ಹೊರಗೆ ಲಮಾರಾ ಎತೆರಿಯ ಕೋಟು ಹಿಡಿದು ಜಗ್ಗಾಡಿ ಅತ್ತಳು. "ಸೋತಿದ್ರೆ ಸೋತೆ ಅಂತ ಮನೆಗೆ ಹೋಗ್ತಿದ್ದೆ. ಈಗ ಆ ತಂಡಕ್ಕೆ ಯಾವ ಮುಖ ಹೊತ್ತು ಹೋಗ್ಲೇ?"

ಎತೆರಿ ಅವಳ ಸ್ವೆಟರಿನ ಗುಂಡಿ ಹಾಕಿ, ಕಣ್ಣೊರೆಸಿ, ಬಸ್ಸು ಹತ್ತಿಸಿದಳು. ಮುಂದೆ ಯಾವ ತಂಡವೂ ಎತೆರಿಯನ್ನು ಕರೆಯಲಿಲ್ಲ.

ಓದುವವರೇ, ನಿಮ್ಮೆದುರು ಆಡಲು ಬಂದವಳಿಗೆ ಊಟ ಹಾಕಿ, ಹಾಸಿಗೆ ಕೊಡಿ. ಚದುರಂಗದ ಮಣೆಯ ಮುಂದೆ ಕೂತಾಗ ಮಾತ್ರ ಕನಿಕರ ತೋರಿಸಿ ಅವಳನ್ನು ಸಣ್ಣವಳನ್ನಾಗಿ ಮಾಡಬೇಡಿ. ನೆಟ್ಟಗೆ ಸೋಲಿಸಿ.