ನಾಲ್ಕು ದೇವರ ಹೆಸರಿನಷ್ಟು ಹೊತ್ತು

ಇವತ್ತು ಬೆಳಿಗ್ಗೆ ಹಳೆಯ ನೋಟ್‌ಬುಕ್ಕೊಂದನ್ನು ತೆರೆದಾಗ ಭಂಡಾರದ ವಾಸನೆ ಬಂತು. ಮೂರು ವರ್ಷದ ಹಿಂದೆ ಹಾಳೆಯ ಮೇಲೆ ಬಿದ್ದ ಚಿಟಿಕೆ ದೇವರ ಅರಿಸಿನ ಅದು. ಪಕ್ಕದಲ್ಲಿ ನನ್ನದೇ ಕಾಗೆಕಾಲಿನ ಅಕ್ಷರದಲ್ಲಿ 'ಮೂರೂಮುಕ್ಕಾಲು ಸೆಕೆಂಡು' ಎಂದಷ್ಟೇ ಇದೆ. ನೋಟ್‌ಬುಕ್ ತೆರೆಯಲು ಕಾರಣ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಟವೆಲ್ ಕಾರ್ಖಾನೆಯ ಶೇಠರ ಫೋನು. "ಮಶೀನ್ ಫಾರ್ ಥಾಂಬತಯ," ಎಂದರು. ಬಹಳ ಹೊತ್ತು ನಿಲ್ಲುತ್ತದಂತೆ, ಒಂದು ಸೆಕೆಂಡಿಗೆ ಇಳಿಸಿಕೊಡಬೇಕಂತೆ. ನೋಡೋಣ ಎಂದು ಫೋನಿಟ್ಟೆ. ಇಲ್ಲ ಎನ್ನಲು ಧೈರ್ಯವಿಲ್ಲದವನು ಮೊದಲು ಕಲಿಯುವ ಮಾತು ಅದು. ನಾನು ಚೆನ್ನಾಗಿಯೇ ಕಲಿತಿದ್ದೇನೆ.

ಸೊಲ್ಲಾಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು ನಾನು. ಕಾರ್ಖಾನೆಯವರು ಇಂಜಿನಿಯರ್ ಸಾಹೇಬ ಎನ್ನುತ್ತಾರೆ. ಡಿಪ್ಲೊಮಾದ ಎರಡನೆಯ ವರ್ಷದಲ್ಲೇ ಮಣ್ಣು ಮುಕ್ಕಿದ್ದೆ ಎಂದು ಅವರಿಗೆ ಹೇಳಿಲ್ಲ, ನೀವೂ ಹೇಳಬೇಡಿ. ನನಗೆ ಚೆನ್ನಾಗಿ ಬರುವ ವಿದ್ಯೆ ಒಂದೇ: ಸತ್ತ ಕಂಪ್ಯೂಟರನ್ನು ಹೊಸದರ ಹೊಟ್ಟೆಯೊಳಗೆ ಬದುಕಿಸುವುದು. ಹಳೆಯದರ ಡಿಸ್ಕಿನಲ್ಲಿದ್ದುದನ್ನೆಲ್ಲ ಹೊಸದಕ್ಕೆ ತುಂಬಿ, ಹಳೆಯ ಯಂತ್ರದಂತೆ ನಟಿಸುವ ಒಂದು ಪ್ರೋಗ್ರಾಂ ಹಾಕಿದರೆ ಹಳೆಯ ಆಪರೇಟಿಂಗ್ ಸಿಸ್ಟಂ ಕಣ್ಣು ಬಿಡುತ್ತದೆ. ತಾನಿನ್ನೂ ತನ್ನ ಮನೆಯಲ್ಲೇ ಇದ್ದೇನೆ ಎಂದುಕೊಂಡು ಕೆಲಸ ಶುರು ಮಾಡುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಎಂದು ಬೆಳೆದ ಅಕ್ಕಲಕೋಟೆ ಕಡೆಯವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಬ್ಯಾಂಕಿನಲ್ಲಿ ಮರಾಠಿ ಆಡುತ್ತಲೇ ಒಳಗೊಳಗೆ ಕನ್ನಡದಲ್ಲಿ ಬೈಯುವವರು ನಾವು.

ಆ ಕಾರ್ಖಾನೆಯಲ್ಲಿ ಟವೆಲಿನ ಅರಿವೆ ಕತ್ತರಿಸುವ ಒಂದು ಮಶೀನಿತ್ತು. ಮೂರು ವರ್ಷದ ಹಿಂದೆ ಅದನ್ನು ಆಡಿಸುತ್ತಿದ್ದ ಮುದಿ ಕಂಪ್ಯೂಟರ್ ಸುಟ್ಟುಹೋದಾಗ ನನಗೆ ಕರೆ ಬಂತು. ಮಶೀನಿನ ಮುಂದೆ ಹದಿನೆಂಟು ವರ್ಷ ನಿಂತವರು ತಡವಳದ ಮಾಳಪ್ಪ ಕಾಕಾ. ಕುರಿ ಮಾರಿ ಕಾರ್ಖಾನೆ ಸೇರಿದವರು, ಬೀರಪ್ಪನ ಭಕ್ತರು. ಅದಕ್ಕೂ ಮೊದಲು ಸಣ್ಣಪುಟ್ಟ ರಿಪೇರಿಗೆ ಹೋದಾಗೆಲ್ಲ ಅವರ ಕೆಲಸ ನೋಡಿದ್ದೆ, ಭಂಡಾರವಿಲ್ಲದ ಅವರ ಹಣೆಯನ್ನು ಮಾತ್ರ ನೋಡಿರಲಿಲ್ಲ. ಅರಿವೆ ಹಾಸಿ ಪೆಡಲ್ ಒತ್ತಿದರೆ, ಬ್ಲೇಡು ಇಳಿಯುವ ಮೊದಲು ಮಶೀನು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿತ್ತು. ಅಷ್ಟರಲ್ಲಿ ಕಾಕಾ ಕೊನೆಯ ಸುಕ್ಕನ್ನು ಅಂಗೈಯಿಂದ ಸವರಿ ಕೈ ತೆಗೆಯುತ್ತಿದ್ದರು. ಪೆಡಲ್ ಒತ್ತಿದ ಮೇಲೆ ಕೈ ಒಳಗಿಡಬಾರದು ಎಂದು ಗೋಡೆಯ ಮೇಲೆ ಮರಾಠಿಯಲ್ಲಿ ಬರೆದಿತ್ತು. ಆದರೆ ಸುಕ್ಕು ಬಿದ್ದರೆ ಟವೆಲು ವಾಪಸು ಬರುತ್ತಿತ್ತು, ಹಾಗಾಗಿ ಎಲ್ಲರೂ ನೋಡಿಯೂ ನೋಡದಂತಿದ್ದರು.

ಆ ನಿಲ್ಲುವ ಹೊತ್ತನ್ನು ಗಡಿಯಾರ ಅಳೆಯುತ್ತಿರಲಿಲ್ಲ. ಪ್ರೋಗ್ರಾಂ ಬರೆದ ಪುಣ್ಯಾತ್ಮ 'ಇಷ್ಟರ ತನಕ ಸುಮ್ಮನೆ ಎಣಿಸು, ಆಮೇಲೆ ಬ್ಲೇಡು ಬಿಡು' ಎಂದು ಬರೆದಿದ್ದ. ಮುದಿ ಕಂಪ್ಯೂಟರ್ ನಿಧಾನವಾಗಿ ಎಣಿಸುತ್ತಿತ್ತು. ಹೊಸದು ಕಣ್ಣು ಮಿಟುಕಿಸುವುದರೊಳಗೆ ಎಣಿಸಿ ಮುಗಿಸಿತು. ಹಳೆಯದರ ನಿಧಾನವನ್ನೂ ನಟಿಸು ಎಂದು ಹೊಸದಕ್ಕೆ ಹೇಳಲು ಒಂದು ಸೆಟ್ಟಿಂಗ್ ಇದೆ. ನನಗೆ ಅದು ಗೊತ್ತಿತ್ತು. ಆದರೆ ಬರಿಯ ಅರಿವೆ ಇಟ್ಟು ಪರೀಕ್ಷೆ ಮಾಡಿದಾಗ, ಪೆಡಲ್ ಒತ್ತಿದ ಕೂಡಲೇ ಕತ್ತರಿಸಿದ್ದನ್ನು ಕಂಡು ಶೇಠರು "ಏಕದಮ್ ಝಕಾಸ್" ಎಂದರು. ಉಬ್ಬಿಹೋದೆ. ಸ್ಪೀಡು ಹೆಚ್ಚಿಸಿದ್ದು ನಾನೇ ಎಂದು ಕೊಚ್ಚಿಕೊಂಡೆ, ಆ ಸೆಟ್ಟಿಂಗ್ ಮುಟ್ಟಲಿಲ್ಲ.

ಮಧ್ಯಾಹ್ನದ ಪಾಳಿಗೆ ಮಾಳಪ್ಪ ಕಾಕಾ ಬಂದರು. ಅವರಿಗೆ ಯಾರೂ ಏನೂ ಹೇಳಲಿಲ್ಲ. ನಾನು ಬಾಗಿಲಲ್ಲಿ ನಿಂತು ಚಹಾ ಕುಡಿಯುತ್ತಿದ್ದೆ. ಬಲಗೈಯ ಮೂರು ಬೆರಳು ಹೋದವು. ಕಾಕಾ ಚೀರಲಿಲ್ಲ, "ಯವ್ವಾ" ಎಂದು ಕೈಯನ್ನು ಹೊಸ ಟವೆಲಿನಲ್ಲಿ ಸುತ್ತಿಕೊಂಡು ನೆಲಕ್ಕೆ ಕುಳಿತರು. ತಪ್ಪು ಮಾಳಪ್ಪನದೇ ಎಂದು ಶೇಠರು ಅವತ್ತೇ ತೀರ್ಪು ಕೊಟ್ಟರು: "ಚೂಕ್ ತ್ಯಾಚೀಚ್ ಆಹೇ." ನಾನು ಎದುರಿಗೇ ಇದ್ದೆ, ಬಾಯಿ ಬಿಡಲಿಲ್ಲ.

ಆಮೇಲೆ, ಮಶೀನು ಮೊದಲಿನಷ್ಟೇ ಹೊತ್ತು ನಿಲ್ಲುವಂತೆ ಮಾಡು ಎಂದರು. ಮೊದಲಿನಷ್ಟು ಎಂದರೆ ಎಷ್ಟು? ಎಲ್ಲಿಯೂ ಬರೆದಿರಲಿಲ್ಲ. ಮುದಿ ಕಂಪ್ಯೂಟರು ಗುಜರಿಯವನ ಪಾಲಾಗಿತ್ತು. ಆ ಹೊತ್ತಿನ ಲೆಕ್ಕ ಗೊತ್ತಿದ್ದ ಒಬ್ಬರೇ ಮನುಷ್ಯರು ತಡವಳದಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದರು. ನಾಚಿಕೆ ಬಿಟ್ಟು ಹೋದೆ.

"ಬರ್ರಿ ಇಂಜಿನೇರ್ ಸಾಹೇಬ್ರ," ಎಂದು ಎದ್ದು ಕೂತರು.

"ಕಾಕಾ, ಮಶೀನ್ ಮದಲ ಎಷ್ಟೊತ್ತ ನಿಂದರತಿತ್ತ್ರಿ?"

"ಸೆಕಂಡ ಗಿಕಂಡ ನಂಗ ತಿಳ್ಯಂಗಿಲ್ರಿ. ನಾಕ ದೇವರ ಹೆಸರ ತಗೋತಿದ್ದೆ. ನಾಕನೇ ದೇವರಿಗಿ ಕೈ ತಗೀತಿದ್ದೆ."

"ಒಮ್ಮಿ ಹೇಳ್ರಿ. ಮೊಬೈಲ್‌ನ್ಯಾಗ ಟೈಮ್ ಹಚ್ಚತೀನಿ."

ಹೇಳಿದರು. ಒಂದು ಸಲ ಬೇಗ ಮುಗಿಯಿತು, ಇನ್ನೊಂದು ಸಲ ಎಳೆಯಿತು. ಕೊನೆಗೆ ಅವರೇ ತಲೆಯಾಡಿಸಿ, "ಬರೇ ಬಾಯಿಲೆ ಬರಂಗಿಲ್ರಿ. ಕೈ ಬೇಕು," ಎಂದರು.

ಪಟ್ಟಿ ಕಟ್ಟಿದ ಕೈಯನ್ನು ಕಂಬಳಿಯ ಮೇಲಿಟ್ಟು, ಕಾಲಿನಿಂದ ನೆಲ ಒತ್ತಿದರು. "ಬೀರಪ್ಪ, ಮಾಳಿಂಗರಾಯ, ಅಮೋಗಸಿದ್ಧ, ಮೈಲಾರಲಿಂಗ." ಕೈ ಕಂಬಳಿಯ ಸುಕ್ಕು ಸವರುತ್ತ ಹೋಗಿ, ಮೈಲಾರಲಿಂಗನ ಹೆಸರಿಗೆ ಸರಿಯಾಗಿ ಹಿಂದಕ್ಕೆ ಬಂತು. ಐದು ಸಲ ಮಾಡಿಸಿದೆ. ಐದೂ ಸಲ ಮೂರೂಮುಕ್ಕಾಲು ಸೆಕೆಂಡು. ಕೊನೆಯ ಸಲ ಪಟ್ಟಿಯ ಮೇಲೆ ರಕ್ತ ಕಂಡಿತು, ಆಗ ಸಾಕೆಂದೆ.

"ಅವತ್ತ ಬೀರಪ್ಪನ ಹೆಸರ ಸೈತ ಮುಗಿದಿದ್ದಿಲ್ಲ," ಎಂದರು. "ಆ ಬೀರಪ್ಪ ಯಾಕ ಹಿಂಗ ಮಾಡಿದಾ, ತಿಳೀವಲ್ದು."

ನಿಜ ಹೇಳಬೇಕಾದ ಹೊತ್ತು ಅದೇ ಆಗಿತ್ತು. ನಾನು ಬರೆದುಕೊಂಡು ಎದ್ದೆ. ಅವರ ಹೆಂಡತಿ ಲಗಮವ್ವ ನನ್ನ ಹಣೆಗೆ ಭಂಡಾರ ಹಚ್ಚಿದರು. ಕಾರ್ಖಾನೆಯಿಂದ ಗಂಡನನ್ನು ನೋಡಲು ಬಂದವನು ನಾನೊಬ್ಬನೇ ಅಂತೆ. ಉದುರಿದ ಚಿಟಿಕೆ ನೋಟ್‌ಬುಕ್ಕಿನೊಳಗೆ ಬಿತ್ತು.

ಇವತ್ತು ಆ ವಾಸನೆಗೆ ಅಂಗಡಿಯಲ್ಲಿ ಕೂರಲಾಗಲಿಲ್ಲ. ಗಾಡಿ ತೆಗೆದುಕೊಂಡು ತಡವಳಕ್ಕೆ ಹೋದೆ. ಕಾಕಾ ಕಟ್ಟೆಯ ಮೇಲಿದ್ದರು. ಹಣೆಯಲ್ಲಿ ಭಂಡಾರವಿರಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ: ಹೊಸ ಕಂಪ್ಯೂಟರ್ ಬೇಗ ಎಣಿಸಿದ್ದು, ಗೊತ್ತಿದ್ದೂ ನಾನು ಸರಿಮಾಡದೆ ಬಿಟ್ಟದ್ದು, ಶೇಠರ ಮುಂದೆ ಬಾಯಿ ಮುಚ್ಚಿಕೊಂಡದ್ದು. ಲಗಮವ್ವ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತರು.

"ಮೂರ ವರ್ಷ ಆತು," ಎಂದರು ಕಾಕಾ. "ಬೀರಪ್ಪನ ಗುಡಿ ಹತ್ತಿಲ್ಲ ನಾ. ಹೆಸರ ತಗೋಳಾಗ ಬೆರಳ ಕೊಯ್ದಾ ಅಂತ ಸಿಟ್ಟ ಹಿಡದ ಕುಂತೀನಿ. ಇಕಿ ಅತ್ತರೂ ಹೋಗಿಲ್ಲ. ಅವತ್ತ ಹೇಳಾಕ ನಿಮಗೇನಾಗಿತ್ತ್ರಿ?"

"ಅಂಜಿಕಿ ಆಗಿತ್ತು ಕಾಕಾ," ಎಂದೆ. ಅದಕ್ಕಿಂತ ದೊಡ್ಡ ಕಾರಣ ಎಷ್ಟು ಹುಡುಕಿದರೂ ಸಿಗಲಿಲ್ಲ.

ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಶೇಠರೇ. ಕಾಕಾನ ಮುಂದೆಯೇ ಎತ್ತಿ, ಹೊತ್ತು ಕಡಿಮೆ ಮಾಡುವುದಿಲ್ಲ ಎಂದೆ. ಯಾಕೆ ಎಂದರು. ಮಾಳಪ್ಪನ ಬೆರಳು ಹೋದದ್ದು ನನ್ನ ತಪ್ಪಿನಿಂದ ಎಂದೆ. ಆ ಕಡೆ ಫೋನು ಕಟ್ಟಾಯಿತು.

"ಈಗ ಎಷ್ಟೊತ್ತ ನಿಂದರತೈತಿ ಅದು?" ಎಂದು ಕಾಕಾ ಕೇಳಿದರು.

"ನೀವು ಹೇಳಿದಷ್ಟರಿ. ನಾಕ ದೇವರಷ್ಟ."

ಉಳಿದೆರಡು ಬೆರಳಿನಿಂದ ಧೋತರದ ಸುಕ್ಕನ್ನು ಸವರಿಕೊಂಡರು. ತುಟಿ ಅಲುಗಲಿಲ್ಲ.

"ಮಶೀನ್ ದಿನಾ ದೇವರ ಹೆಸರ ತಗೊಳ್ಳಾಕತ್ತೈತಿ," ಎಂದರು. "ನಾನ ಬಿಟ್ಟೀನಿ."